ಹಳೆಯ ಬಸ್ಸಿನ ಏರ್ ಡ್ರೈಯರ್ ಹೀಟರ್: ಹೊರಗಿನ ಚಳಿಯಲ್ಲಿ ಗಾಳಿ ಸೋರುತ್ತದೆ, ಶೆಡ್ಡಿನೊಳಗೆ ಎಲ್ಲವೂ ಸರಿಯಿರುತ್ತದೆ

ಪ್ರಶ್ನೆ (ಮಿನಿಯಾಪೊಲಿಸ್‌ನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 1991ರಲ್ಲಿ ತಯಾರಾದ ಎಂಸಿಐ 102 ಸಿ3 ಬಸ್ಸೊಂದಿದೆ. ಸೀಟುಗಳನ್ನು ತೆಗೆಸಿ, ಮಲಗುವ ವ್ಯವಸ್ಥೆಯನ್ನೂ ಸಣ್ಣದೊಂದು ಅಡುಗೆ ಕಟ್ಟೆಯನ್ನೂ ಮಾಡಿಸಿಕೊಂಡು, ಆರು ವರ್ಷಗಳಿಂದ ಹೆಂಡತಿ, ಮಕ್ಕಳು ಮತ್ತು ತಾಯಿಯವರೊಂದಿಗೆ ಅದರಲ್ಲಿ ಊರೂರು ತಿರುಗುತ್ತಿದ್ದೇನೆ. ಇದುವರೆಗೆ ನವೆಂಬರ್ ಬಂದೊಡನೆ ಬಸ್ಸನ್ನು ನಿಲ್ಲಿಸಿಬಿಡುತ್ತಿದ್ದೆವು. ಈ ವರ್ಷ ಸಂಕ್ರಾಂತಿಗೆ ಡುಲುತ್‌ನಲ್ಲಿರುವ ತಂಗಿಯ ಮನೆಗೆ ಎಲ್ಲರೂ ಹೋಗಬೇಕೆಂದು ತಾಯಿಯವರು ಬಯಸಿದ್ದರಿಂದ ಜನವರಿಯಲ್ಲಿಯೇ ಹೊರತೆಗೆದೆವು. ತೊಂದರೆ ಅಲ್ಲಿಂದ ಆರಂಭವಾಯಿತು.

ಬಾಡಿಗೆಗೆ ಪಡೆದ, ಬೆಚ್ಚಗಿನ ಶೆಡ್ಡಿನಲ್ಲಿ ಬಸ್ಸನ್ನು ನಿಲ್ಲಿಸುತ್ತೇನೆ. ಅಲ್ಲಿ ಎಂಜಿನ್ ಚಾಲೂ ಮಾಡಿದರೆ ಬ್ರೇಕಿನ ಗಾಳಿಯ ಒತ್ತಡ ಸಲೀಸಾಗಿ 120 ಪಿಎಸ್‌ಐ ತನಕ ಏರುತ್ತದೆ, ಒತ್ತಡದ ಮಿತಿ ಕಾಯುವ ಗವರ್ನರ್ ಕಂಪ್ರೆಸರನ್ನು ಬಿಡಿಸುತ್ತದೆ, ಆ ಗಾಳಿಯ ತೇವ ತೆಗೆಯುವ ಡ್ರೈಯರ್ ಬುಸ್ಸೆಂದು ನೀರನ್ನು ಹೊರಹಾಕುತ್ತದೆ. ಆದರೆ ಹೊರಗೆ ಮೈನಸ್ 24 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಒಂದು ರಾತ್ರಿ ನಿಲ್ಲಿಸಿ ಮರುದಿನ ಬೆಳಿಗ್ಗೆ ಚಾಲೂ ಮಾಡಿದಾಗ ಒತ್ತಡವು 85 ಪಿಎಸ್‌ಐ ದಾಟಲಿಲ್ಲ. ಡ್ರೈಯರ್‌ನ ಅಡಿಯಿಂದ ಒಂದೇ ಸಮನೆ ಗಾಳಿ ಹೋಗುತ್ತಿದ್ದ ಸದ್ದು ಕೇಳಿಸುತ್ತಿತ್ತು. ಎಂಜಿನ್ ನಿಲ್ಲಿಸಿದರೆ ಆ ಸದ್ದು ಅಡಗುತ್ತಿತ್ತು, ಟ್ಯಾಂಕಿನ ಒತ್ತಡ ಮಾತ್ರ ಇಳಿಯುತ್ತಿರಲಿಲ್ಲ. ತಂಗಿಯ ಮನೆಯಿಂದ ಬಿಸಿನೀರು ತಂದು ಡ್ರೈಯರ್‌ನ ಕೆಳಭಾಗಕ್ಕೆ ಸುರಿದ ಮೇಲೆ ಸೋರಿಕೆ ನಿಂತು ಒತ್ತಡ ಏರಿತು.

ಡ್ರೈಯರ್ ಬೆಂಡಿಕ್ಸ್ ಎಡಿ-9 ಮಾದರಿಯದು. ಹಿಂದಿನ ಮಾಲೀಕರು ಅಳವಡಿಸಿದ್ದು. ಅದರ ಅಡಿಯ ಮುಚ್ಚಳದಲ್ಲಿ, ನೀರನ್ನು ಹೊರಬಿಡುವ ಪರ್ಜ್ ವಾಲ್ವ್ ಹೆಪ್ಪುಗಟ್ಟದಿರಲೆಂದು ಸಣ್ಣ ವಿದ್ಯುತ್ ಹೀಟರ್ ಇರುತ್ತದೆಂದು ಓದಿದ್ದೆ. ಊರಿಗೆ ಮರಳಿದ ಮೇಲೆ ಶೆಡ್ಡಿನಲ್ಲಿ, ಹೊಗೆ ಹೊರಗೊಯ್ಯುವ ಕೊಳವೆ ಜೋಡಿಸಿ, ಅರ್ಧ ಗಂಟೆ ಎಂಜಿನ್ ಓಡಿಸಿ, ನಂತರ ಹೀಟರ್‌ನ ಪ್ಲಗ್ ಬಿಚ್ಚಿ ಮಲ್ಟಿಮೀಟರ್ ಇಟ್ಟು ನೋಡಿದೆ. ಹೀಟರ್‌ನ ಎರಡು ಪಿನ್ನುಗಳ ನಡುವೆ ಮೀಟರ್ ಏನನ್ನೂ ತೋರಿಸಲಿಲ್ಲ, ತಂತಿ ತುಂಡಾದಾಗ ತೋರಿಸುವಂತೆಯೇ ತೋರಿಸಿತು. ಬಸ್ಸಿನ ಕಡೆಯಿಂದ ಬರುವ ಪ್ಲಗ್ಗಿನಲ್ಲಿ 24.6 ವೋಲ್ಟ್ ಇದೆ. ಹೀಗಾಗಿ ಹೀಟರ್ ಸುಟ್ಟಿದೆ ಎಂದುಕೊಂಡು ಬಿಡಿಭಾಗದ ಅಂಗಡಿಯೊಂದರಲ್ಲಿ ಕೇಳಿದಾಗ ಅವರು 12 ವೋಲ್ಟಿನ ಹೀಟರ್ ಕೊಟ್ಟು, ಎಲ್ಲ ಬಸ್ಸಿಗೂ ಇದೇ ಹೊಂದುತ್ತದೆ ಎಂದು ಹೇಳಿದರು. ನಮ್ಮ ಬಸ್ಸಿನ ಮುಖ್ಯ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು.

ಇದನ್ನು ಹಾಕಬಹುದೇ? ಹೀಟರ್ ಬದಲಿಸುವಾಗ ಬೇರೆ ಏನನ್ನು ನೋಡಿಕೊಳ್ಳಬೇಕು? ಬಸ್ಸಿನಲ್ಲಿ ತಾಯಿ ಮತ್ತು ಮಕ್ಕಳಿರುತ್ತಾರೆ, ಅದೂ ಬ್ರೇಕಿಗೆ ಸಂಬಂಧಿಸಿದ ವಿಷಯ. ಅಂದಾಜಿನ ಮೇಲೆ ಕೆಲಸ ಮಾಡಲು ನನಗೆ ಮನಸ್ಸಿಲ್ಲ.

ಉತ್ತರ (ವಿನಿಪೆಗ್‌ನಿಂದ)

ದಯವಿಟ್ಟು ಆ ಹೀಟರನ್ನು ಹಾಕಬೇಡಿ, ಮತ್ತು ನಿಮ್ಮ ಹಳೆಯ ಹೀಟರ್ ಸುಟ್ಟಿದೆ ಎಂದು ಈಗಲೇ ತೀರ್ಮಾನಿಸಬೇಡಿ. ನಾನು ಇಲ್ಲಿ ಪ್ರವಾಸಿ ಬಸ್ಸುಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಚಳಿಗಾಲ ಬಂತೆಂದರೆ ಈ ಡ್ರೈಯರ್‌ಗಳ ಮುಂದೆಯೇ ನಮ್ಮ ಬೆಳಗು. ಇಲ್ಲಿ ಸರಿಯಿದ್ದ ಹೀಟರ್‌ಗಳನ್ನು ಸುಟ್ಟಿವೆ ಎಂದು ಕಿತ್ತೆಸೆದದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಮತ್ತು ಆ ತಪ್ಪಿಗೆ ಕಾರಣ ಹೆಚ್ಚಾಗಿ ನೀವು ಮಾಡಿದಂತಹ ಪರೀಕ್ಷೆಯೇ.

ಎಡಿ-9ರಲ್ಲಿ ಹೀಟರ್ ಒಂದೇ ಇರುವುದಿಲ್ಲ. ಅದರ ಜೊತೆಗೆ, ಅದೇ ವಿದ್ಯುತ್ ಸುತ್ತಿನಲ್ಲಿ, ಥರ್ಮೋಸ್ಟಾಟ್ ಇರುತ್ತದೆ. ಮುಚ್ಚಳವು ತಣ್ಣಗಿದ್ದಾಗ ಥರ್ಮೋಸ್ಟಾಟ್ ಸುತ್ತನ್ನು ಕೂಡಿಸುತ್ತದೆ, ಬೆಚ್ಚಗಾದಾಗ ಬಿಡಿಸುತ್ತದೆ. ನೀವು ಅರ್ಧ ಗಂಟೆ ಎಂಜಿನ್ ಓಡಿಸಿದಿರಿ. ಅಷ್ಟೂ ಹೊತ್ತು ಕಂಪ್ರೆಸರ್‌ನಿಂದ ಬಂದ ಬಿಸಿ ಗಾಳಿ ಆ ಮುಚ್ಚಳದ ಮೂಲಕವೇ ಹಾದುಹೋಯಿತು. ಮುಚ್ಚಳ ಬಿಸಿಯಾಯಿತು, ಥರ್ಮೋಸ್ಟಾಟ್ ಬಿಡಿಸಿಕೊಂಡಿತು, ಮೀಟರ್ ತುಂಡಾದ ತಂತಿಯನ್ನು ತೋರಿಸಿತು. ಹೀಟರ್ ಆರೋಗ್ಯವಾಗಿದ್ದರೂ ಅದು ಹಾಗೆಯೇ ತೋರಿಸಬೇಕು.

ಸರಿಯಾದ ಪರೀಕ್ಷೆಗೆ ಎರಡು ಭಾಗಗಳಿವೆ. ಮೊದಲು ಇಗ್ನಿಷನ್ ಆರಿಸಿ, ಮುಚ್ಚಳವನ್ನು 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಎಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಂಪಾಗಿಸಿ ಪಿನ್ನುಗಳ ನಡುವಿನ ರೋಧವನ್ನು ಅಳೆಯಿರಿ. ನಿಮ್ಮ ಊರಿನಲ್ಲಿ ಅದಕ್ಕೆ ಐಸ್ ಬೇಕಿಲ್ಲ, ಬಸ್ಸನ್ನು ಒಂದು ರಾತ್ರಿ ಹೊರಗೆ ನಿಲ್ಲಿಸಿದರೆ ಸಾಕು. 24 ವೋಲ್ಟಿನ ಹೀಟರ್ ಆಗಿದ್ದರೆ 6.8ರಿಂದ 9.0 ಓಮ್ ಬರಬೇಕು; 12 ವೋಲ್ಟಿನದಾಗಿದ್ದರೆ 1.5ರಿಂದ 3.0 ಓಮ್. ಆರಂಭದ ಕಾಲದ ಕೆಲವು ಎಡಿ-9ಗಳಲ್ಲಿ ಈ ಅಂಕಿಗಳು ಕೊಂಚ ಕಡಿಮೆ ಇರುತ್ತವೆ: 24 ವೋಲ್ಟಿನದಕ್ಕೆ 4.8ರಿಂದ 7.2, 12 ವೋಲ್ಟಿನದಕ್ಕೆ 1.0ರಿಂದ 2.5. ಆಮೇಲೆ ಮುಚ್ಚಳವನ್ನು 90 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿ ಮಾಡಿ ಮತ್ತೆ ಅಳೆಯಿರಿ. ಆಗ 1000 ಓಮ್ ಮೀರಬೇಕು. ತಣ್ಣಗಿರುವಾಗಲೂ ಮೀಟರ್ ಏನನ್ನೂ ತೋರಿಸದಿದ್ದರೆ ಮಾತ್ರ ಹೀಟರ್ ಅಥವಾ ಥರ್ಮೋಸ್ಟಾಟ್ ಹೋಗಿದೆ ಎನ್ನಬಹುದು. ಬಿಸಿಯಿರುವಾಗಲೂ ಕೆಲವೇ ಓಮ್ ತೋರಿಸಿದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ ಎಂದರ್ಥ.

ಇನ್ನು 12 ವೋಲ್ಟಿನ ವಿಷಯ. ಈ ಹೀಟರ್‌ಗಳು ಸಾಮಾನ್ಯವಾಗಿ 75 ವಾಟ್‌ನವು. 12 ವೋಲ್ಟಿನದಕ್ಕೆ ಸುಮಾರು 1.9 ಓಮ್ ರೋಧವಿರುತ್ತದೆ. ಅದಕ್ಕೆ 24 ವೋಲ್ಟ್ ಕೊಟ್ಟರೆ ವಿದ್ಯುತ್ ಇಮ್ಮಡಿಯಾಗುತ್ತದೆ, ಶಾಖ ನಾಲ್ಕು ಪಟ್ಟಾಗುತ್ತದೆ: 75 ವಾಟ್ ಎಂದಿದ್ದದ್ದು 300 ವಾಟ್ ಆಗುತ್ತದೆ, 12 ಆಂಪಿಯರ್‌ಗೂ ಮೀರಿ ಎಳೆಯುತ್ತದೆ. ಅದೃಷ್ಟವಿದ್ದರೆ ಫ್ಯೂಸ್ ಹೋಗುತ್ತದೆ. ಹಿಂದಿನವರು ಯಾರಾದರೂ ದೊಡ್ಡ ಫ್ಯೂಸ್ ಹಾಕಿಟ್ಟಿದ್ದರೆ ಹೀಟರ್ ಸುಡುತ್ತದೆ, ಇಲ್ಲವೇ ತಂತಿಯ ಹೊದಿಕೆ ಕರಗುತ್ತದೆ. ಹೊರನೋಟಕ್ಕೆ ಎರಡೂ ಒಂದೇ ಎಂಬುದು ನಿಜ. ಆದ್ದರಿಂದಲೇ ಕೊಳ್ಳುವ ಮೊದಲು ಮೀಟರ್‌ನಿಂದ ಅಳೆದು ನೋಡಬೇಕು.

ಬಿಸಿನೀರಿನ ಬಗ್ಗೆಯೂ ಒಂದು ಮಾತು. ನೀವು ಸುರಿದ ನೀರು ಕೆಲಸ ಮಾಡಿತು, ಸರಿ. ಆದರೆ ಆ ನೀರೇ ಕೆಲವು ನಿಮಿಷಗಳಲ್ಲಿ ಪರ್ಜ್ ವಾಲ್ವಿನ ಬಾಯಿಯಲ್ಲಿ ಹೆಪ್ಪುಗಟ್ಟಿ, ಈ ಬಾರಿ ಅದನ್ನು ತೆರೆಯದಂತೆ ಮಾಡಬಲ್ಲದು. ಬೆಂಕಿಯ ಟಾರ್ಚನ್ನಂತೂ ಎಂದೂ ಹಿಡಿಯಬೇಡಿ. ದಾರಿಯಲ್ಲಿ ಸಿಕ್ಕಿಕೊಂಡರೆ ಕೂದಲು ಒಣಗಿಸುವ ಬಿಸಿಗಾಳಿಯ ಯಂತ್ರದಂತಹುದು ಸಾಕು.

ಉತ್ತರ (ಹುಬ್ಬಳ್ಳಿಯಿಂದ)

ತಮ್ಮಾ, ನಾನು ಈ ಭಾಗದ ಬಸ್ ಡಿಪೊ ಒಂದರಲ್ಲಿ 31 ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾಗಿದ್ದೇನೆ. ನಮ್ಮ ಸೀಮೆಯಲ್ಲಿ ಗಾಳಿಯ ಟ್ಯಾಂಕಿನೊಳಗೆ ನೀರು ಹೆಪ್ಪುಗಟ್ಟಿದ್ದನ್ನು ನಾನು ಕಂಡವನಲ್ಲ, ಹೀಟರ್ ಬಿಚ್ಚಿದ ಅನುಭವವೂ ನನಗಿಲ್ಲ; ಆ ಬಗ್ಗೆ ವಿನಿಪೆಗ್‌ನವರ ಮಾತಿಗೆ ನಾನು ಸೇರಿಸುವಂಥದ್ದೇನೂ ಇಲ್ಲ. ಆದರೆ ಟ್ಯಾಂಕಿನ ನೀರಿನೊಂದಿಗೆ ನನ್ನ ಜೀವಮಾನ ಕಳೆದಿದೆ. ಅದರ ಬಗ್ಗೆ ಎರಡು ಮಾತು ಹೇಳಬೇಕೆನಿಸಿತು, ಏಕೆಂದರೆ ನಿಮ್ಮ ಹೀಟರ್ ಎದುರಿಸಬೇಕಾದ ಶತ್ರು ಆ ನೀರೇ.

ಹೊರಗಿನ ಗಾಳಿ ಅಷ್ಟು ತಣ್ಣಗೆ, ಅಷ್ಟು ಒಣಗಿ ಇರುವಾಗ ನೀರು ಎಲ್ಲಿಂದ ಬರುತ್ತದೆ ಎಂದು ನೀವು ಯೋಚಿಸಿರಬಹುದು. 120 ಪಿಎಸ್‌ಐಗೆ ಒತ್ತಿದಾಗ ಒಂಬತ್ತು ಘನಮೀಟರ್ ಗಾಳಿ ಹೆಚ್ಚು ಕಡಿಮೆ ಒಂದು ಘನಮೀಟರ್‌ನೊಳಗೆ ಸೇರುತ್ತದೆ. ಅದರಲ್ಲಿದ್ದ ತೇವವೂ ಅಷ್ಟೇ ಜಾಗದಲ್ಲಿ ಸೇರುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಒಂದು ಘನಮೀಟರ್ ಜಾಗ ತಾಳಿಕೊಳ್ಳಬಲ್ಲ ತೇವ ಒಂದು ಗ್ರಾಮಿನಷ್ಟು ಮಾತ್ರ. ಉಳಿದದ್ದೆಲ್ಲ ಹನಿಯಾಗಿಯೋ ಹಿಮವಾಗಿಯೋ ಬೀಳಲೇಬೇಕು. ಇದಕ್ಕಿಂತ ಮುಖ್ಯವಾದದ್ದು ನಿಮ್ಮ ಶೆಡ್ಡು. ಬೆಚ್ಚಗಿನ ಶೆಡ್ಡಿನ ಗಾಳಿ 20 ಡಿಗ್ರಿಯಿದ್ದು ಅರ್ಧದಷ್ಟು ತೇವ ಹೊಂದಿದ್ದರೂ ಪ್ರತಿ ಘನಮೀಟರ್‌ಗೆ 8 ಗ್ರಾಮಿಗೂ ಹೆಚ್ಚು ನೀರು ಅದರಲ್ಲಿರುತ್ತದೆ. ಆ ಗಾಳಿಯನ್ನು ಅರ್ಧ ಗಂಟೆ ಒತ್ತಿ ತುಂಬಿಕೊಂಡು ನೇರವಾಗಿ ಮೈನಸ್ 24ಕ್ಕೆ ಹೊರಟರೆ ಡ್ರೈಯರ್‌ಗೆ ಮೊದಲ ಅರ್ಧ ಗಂಟೆಯಲ್ಲೇ ಇಡೀ ದಿನದ ಕೆಲಸ ಬೀಳುತ್ತದೆ. ನಿಮ್ಮ ತೊಂದರೆಯ ಒಂದು ಪಾಲು ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು, ಡ್ರೈಯರ್ ಇದೆಯೆಂದು ಟ್ಯಾಂಕುಗಳ ನೀರು ಬಿಡುವುದನ್ನು ಮರೆಯಬೇಡಿ. ನಮ್ಮ ಡಿಪೊದಲ್ಲಿ ಡ್ರೈಯರ್ ಇಲ್ಲದ ಗಾಡಿಗಳ ಕಾಲದಲ್ಲಿ ದಿನವೂ ಡ್ರೈನ್ ವಾಲ್ವಿನ ಉಂಗುರ ಎಳೆದು ನೀರು ಬಿಡುವುದು ಕಡ್ಡಾಯವಾಗಿತ್ತು. ಮಳೆಗಾಲದಲ್ಲಿ ಒಂದೊಂದು ಟ್ಯಾಂಕಿನಿಂದ ಲೋಟದಷ್ಟು ನೀರು ಬರುತ್ತಿತ್ತು. ಡ್ರೈಯರ್ ಬಂದ ಮೇಲೆ ಆ ಅಭ್ಯಾಸ ಹೋಯಿತು, ಅದರೊಂದಿಗೆ ಡ್ರೈಯರ್ ಕೆಟ್ಟಿದೆಯೆಂದು ತಿಳಿಯುವ ಅತ್ಯಂತ ಸುಲಭದ ಮಾರ್ಗವೂ ಹೋಯಿತು. ಟ್ಯಾಂಕಿನಿಂದ ಬರಿಯ ಗಾಳಿ ಬಂದರೆ ಡ್ರೈಯರ್ ದುಡಿಯುತ್ತಿದೆ. ನೀರು ಬಂದರೆ ಒಳಗಿನ ಒಣಗಿಸುವ ಮಣಿಗಳು ಸೋತಿವೆ. ಬೂದುಬಣ್ಣದ, ಹಾಲಿನಂತಹ ಜಿಡ್ಡು ಬಂದರೆ ಕಂಪ್ರೆಸರ್ ಆಯಿಲ್ ಬಿಡುತ್ತಿದೆ. ಆ ಆಯಿಲ್ ಮಣಿಗಳ ಮೇಲೆ ಕುಳಿತರೆ ಅವು ತೇವವನ್ನು ಹೀರುವುದಿಲ್ಲ, ಮತ್ತು ನೀವು ಎಷ್ಟೇ ಒಳ್ಳೆಯ ಹೀಟರ್ ಹಾಕಿದರೂ ಟ್ಯಾಂಕಿನೊಳಗಿನ ನೀರನ್ನು ಅದು ಕರಗಿಸಲಾರದು. ಹೀಟರ್ ಕಾಯುವುದು ಅಡಿಯ ಮುಚ್ಚಳವನ್ನು ಮಾತ್ರ.

ಕಂಪ್ರೆಸರ್‌ನಿಂದ ಡ್ರೈಯರ್‌ಗೆ ಬರುವ ಪೈಪನ್ನೂ ಒಮ್ಮೆ ಕೈಯಿಂದ ತಡವಿ ನೋಡಿ. ಅದು ಉದ್ದಕ್ಕೂ ಇಳಿಜಾರಾಗಿರಬೇಕು. ನಡುವೆ ಎಲ್ಲಾದರೂ ಜೋತುಬಿದ್ದು ತಗ್ಗಾಗಿದ್ದರೆ ನೀರು ಅಲ್ಲಿ ನಿಲ್ಲುತ್ತದೆ, ನಿಮ್ಮ ಚಳಿಗೆ ಅದು ಗಟ್ಟಿಯಾಗಿ ಪೈಪನ್ನೇ ಮುಚ್ಚಬಹುದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಮೂರು ದಿನಗಳಿಂದ ನೀವು ಹೇಳಿದಂತೆಯೇ ಒಂದೊಂದನ್ನು ನೋಡಿದೆ.

ಬಸ್ಸನ್ನು ರಾತ್ರಿಯಿಡೀ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ ಅಳೆದಾಗ 7.8 ಓಮ್ ಬಂದಿತು. ಅದೇ ಪಿನ್ನುಗಳನ್ನು ಬಿಸಿಗಾಳಿಯಿಂದ ಮುಚ್ಚಳ ಕಾಯಿಸಿದ ಮೇಲೆ ಅಳೆದರೆ ಮೀಟರ್ ಏನನ್ನೂ ತೋರಿಸಲಿಲ್ಲ. ಎಂದರೆ ನನ್ನ ಹೀಟರ್ 24 ವೋಲ್ಟಿನದೇ, ಅದೂ ಥರ್ಮೋಸ್ಟಾಟ್ ಸಮೇತ ಆರೋಗ್ಯವಾಗಿದೆ. 12 ವೋಲ್ಟಿನದನ್ನು ಅಂಗಡಿಗೆ ಹಿಂತಿರುಗಿಸಿದ್ದೇನೆ. ಹುಬ್ಬಳ್ಳಿಯ ಹಿರಿಯರು ಹೇಳಿದಂತೆ ಟ್ಯಾಂಕುಗಳ ನೀರು ಬಿಟ್ಟೆ: ಮೊದಲ ಟ್ಯಾಂಕಿನಿಂದ ಒಂದೆರಡು ಚಮಚೆಯಷ್ಟು ನೀರು, ಕೊಂಚ ಜಿಡ್ಡು, ಉಳಿದವುಗಳಿಂದ ಬರಿಯ ಗಾಳಿ. ಪೈಪು ಜೋತುಬಿದ್ದಿಲ್ಲ.

ಆದರೆ ಸಮಸ್ಯೆ ಹಾಗೆಯೇ ಉಳಿದಿದೆ. ಹೊರಗೆ, ಚಳಿಯಲ್ಲಿ, ಪ್ಲಗ್ ಜೋಡಿಸಿ, ಇಗ್ನಿಷನ್ ಹಾಕಿ, ಅರ್ಧ ಗಂಟೆ ಕಾದು ಮುಚ್ಚಳವನ್ನು ಮುಟ್ಟಿದೆ. ಕೈಗೆ ತಣ್ಣಗೇ ಹತ್ತಿತು. ಪ್ಲಗ್ಗನ್ನು ಬಿಚ್ಚಿ ನೋಡಿದರೆ 24.6 ವೋಲ್ಟ್ ಇದೆ, ಫ್ಯೂಸ್ ಸರಿಯಿದೆ. ಹೀಟರ್ ಸರಿಯಿದ್ದು ವಿದ್ಯುತ್ತೂ ಬರುತ್ತಿದ್ದ ಮೇಲೆ ಅದು ಏಕೆ ಬಿಸಿಯಾಗುತ್ತಿಲ್ಲ ಎಂಬುದು ನನಗೆ ತಿಳಿಯುತ್ತಿಲ್ಲ.

ಉತ್ತರ (ಡೆಟ್ರಾಯಿಟ್ ಬಳಿಯಿಂದ)

ನಿಮ್ಮ ಕೊನೆಯ ಎರಡು ವಾಕ್ಯಗಳಲ್ಲಿಯೇ ಉತ್ತರವಿದೆ. ಪ್ಲಗ್ಗನ್ನು ಬಿಚ್ಚಿ ಅಳೆದಾಗ ಬರುವ 24.6 ವೋಲ್ಟ್ ಹೆಚ್ಚೇನನ್ನೂ ಹೇಳುವುದಿಲ್ಲ. ನಿಮ್ಮ ಮೀಟರ್ ಲಕ್ಷಾಂತರ ಓಮ್ ರೋಧವುಳ್ಳದ್ದು, ಅದು ತಂತಿಯಿಂದ ಎಳೆಯುವ ವಿದ್ಯುತ್ ಲೆಕ್ಕಕ್ಕಿಲ್ಲದಷ್ಟು. ದಾರಿಯಲ್ಲಿ ಕೂದಲೆಳೆಯಷ್ಟು ಸಂಪರ್ಕ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟನ್ನು ತೋರಿಸುತ್ತದೆ. ಹೀಟರ್‌ಗೆ ಬೇಕಾದದ್ದು 3 ಆಂಪಿಯರ್. ಆ ಕೂದಲೆಳೆಯ ಮೂಲಕ ಅಷ್ಟು ಹರಿಯಲಾರದು. ಮನೆಯ ನಲ್ಲಿಯ ಪೈಪಿನಲ್ಲಿ ಸುಣ್ಣ ಕಟ್ಟಿಕೊಂಡಿದ್ದರೂ, ನಲ್ಲಿ ಮುಚ್ಚಿರುವಾಗ ನೀರಿನ ಒತ್ತಡ ಪೂರ್ತಿಯೇ ಇರುತ್ತದೆ. ತೆರೆದಾಗಲೇ ಎಳೆಯಂತೆ ಬೀಳುವುದು ಕಾಣುತ್ತದೆ.

ಆದ್ದರಿಂದ ಹೀಟರ್ ಜೋಡಿಸಿರುವಾಗಲೇ, ಹೊರೆಯ ಮೇಲೆಯೇ ಅಳೆಯಬೇಕು. ಮುಚ್ಚಳ ತಣ್ಣಗಿರಬೇಕು, ಇಲ್ಲದಿದ್ದರೆ ಥರ್ಮೋಸ್ಟಾಟ್ ಬಿಡಿಸಿಕೊಂಡು ನಿಮ್ಮ ಅಳತೆಯೆಲ್ಲ ವ್ಯರ್ಥವಾಗುತ್ತದೆ. ಪ್ಲಗ್ಗಿನ ಹಿಂಬದಿಯಿಂದ, ತಂತಿ ಒಳಹೋಗುವ ಕಡೆ, ತೆಳುವಾದ ಸೂಜಿ ತೂರಿಸಿ ಮೊದಲು ಹೀಟರ್‌ನ ಎರಡು ಪಿನ್ನುಗಳ ನಡುವೆ ಎಷ್ಟು ವೋಲ್ಟ್ ಇದೆ ಎಂದು ನೋಡಿ. ಅದು 24ರ ಸಮೀಪ ಇಲ್ಲದಿದ್ದರೆ ಉಳಿದದ್ದು ಎಲ್ಲೋ ಕಳೆಯುತ್ತಿದೆ. ಆಗ ಮೀಟರ್‌ನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಉದ್ದದ ತಂತಿಯಿಂದ ಜೋಡಿಸಿ, ಮತ್ತೊಂದನ್ನು ಹೀಟರ್‌ನ ಅರ್ತ್ ಪಿನ್ನಿಗೆ ಇಡಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಕೆಟ್ಟಿದೆ. ಅದೇ ರೀತಿ ಫ್ಯೂಸಿನಿಂದ ಹೀಟರ್‌ನ ಪ್ಲಸ್ ಪಿನ್ನಿನ ತನಕ, ಸಂಪರ್ಕದಿಂದ ಸಂಪರ್ಕಕ್ಕೆ, ಇಳಿತವನ್ನು ನೋಡುತ್ತ ಬನ್ನಿ. ಎಲ್ಲ ಇಳಿತಗಳನ್ನು ಕೂಡಿಸಿದರೆ ಬ್ಯಾಟರಿಯ ವೋಲ್ಟಿಗೆ ಸರಿಯಾಗಬೇಕು. ಸರಿಯಾಗದಿದ್ದರೆ ಎಲ್ಲೋ ಒಂದು ಜಾಗ ತಪ್ಪಿಹೋಗಿದೆ.

ಶಾಖವು ವೋಲ್ಟಿನ ವರ್ಗದಂತೆ ಇಳಿಯುತ್ತದೆ ಎಂಬುದನ್ನು ನೆನಪಿಡಿ. ಹೀಟರ್‌ಗೆ ಅರ್ಧದಷ್ಟು ವೋಲ್ಟ್ ಸಿಕ್ಕರೆ ಶಾಖ ಅರ್ಧವಲ್ಲ, ಕಾಲುಭಾಗ.

ನೀವಿರುವ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ತಾಮ್ರದ ಎಳೆಗಳ ನಡುವೆ ಮೇಲಕ್ಕೆ ಹೀರಲ್ಪಟ್ಟು, ಹೊದಿಕೆಯ ಒಳಗೇ ತಂತಿಯನ್ನು ತಿನ್ನುತ್ತದೆ. ಹೊರಗಿನಿಂದ ತಂತಿ ಹೊಸದರಂತೆ ಕಾಣಬಹುದು. ಹೊದಿಕೆಯನ್ನು ಬೆರಳಿನಿಂದ ಒತ್ತಿದಾಗ ಒಳಗೆ ಪುಡಿಯಾದಂತೆ ಹತ್ತಿದರೆ ಅದನ್ನು ಕತ್ತರಿಸಿ ಹಾಕಿ. ಸಂಪರ್ಕದ ತುದಿಯನ್ನು ಉಜ್ಜಿ ಮತ್ತೆ ಬಿಗಿಯುವುದರಿಂದ ಒಂದು ವಾರ ನಡೆಯಬಹುದು, ಒಂದು ಚಳಿಗಾಲ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ತೊಂದರೆ ಸಿಕ್ಕಿತು. ಬೇರೆ ಯಾರಿಗಾದರೂ ಉಪಯೋಗವಾಗಲೆಂದು ಅಂಕಿಗಳನ್ನು ಬರೆಯುತ್ತಿದ್ದೇನೆ.

ಹೀಟರ್ ಜೋಡಿಸಿರುವಾಗ ಅದರ ಪಿನ್ನುಗಳ ನಡುವೆ ಸಿಕ್ಕಿದ್ದು 9.7 ವೋಲ್ಟ್ ಮಾತ್ರ. ಅರ್ತ್ ಕಡೆಯಲ್ಲಿ 5.0 ವೋಲ್ಟ್ ಕಳೆಯುತ್ತಿತ್ತು. ಪ್ಲಸ್ ಕಡೆಯಲ್ಲಿ 9.9 ವೋಲ್ಟ್ ಕಳೆಯುತ್ತಿತ್ತು, ಅದೂ ಒಂದೇ ಜಾಗದಲ್ಲಿ. ಮೂರನ್ನೂ ಕೂಡಿಸಿದರೆ 24.6. ಹೀಟರ್‌ನ 7.8 ಓಮ್‌ಗೆ 9.7 ವೋಲ್ಟ್ ಎಂದರೆ 1.2 ಆಂಪಿಯರ್, ಸುಮಾರು 12 ವಾಟ್. 75 ವಾಟ್ ಕೊಡಬೇಕಾದ ಹೀಟರ್ 12 ವಾಟ್‌ನಲ್ಲಿ ಮೈನಸ್ 24ರ ಚಳಿಯನ್ನು ಎದುರಿಸುತ್ತಿತ್ತು.

ಪ್ಲಸ್ ತಂತಿಯ ಮೇಲೆ, ನೆಲದಿಂದ ಎರಡಡಿ ಎತ್ತರದಲ್ಲಿ, ತಂತಿಯನ್ನು ಸುಲಿಯದೆಯೇ ಚುಚ್ಚಿ ಹಿಡಿಯುವ ನೀಲಿ ಬಣ್ಣದ ಪ್ಲಾಸ್ಟಿಕ್ ಕ್ಲಿಪ್ ಒಂದನ್ನು ಯಾರೋ ಹಾಕಿದ್ದರು. ಅದರ ಒಂದು ಬದಿ ಕಂದಾಗಿ ಕರಗಿತ್ತು. ಲೆಕ್ಕ ಹಾಕಿದರೆ ಹೀಟರ್‌ಗೆ ಸಿಗುತ್ತಿದ್ದಷ್ಟೇ ಶಾಖ ಆ ಕ್ಲಿಪ್ಪಿನಲ್ಲಿಯೂ ಹುಟ್ಟುತ್ತಿತ್ತು. ಅದನ್ನು ಬಿಚ್ಚಿದಾಗ ಒಳಗಿನ ತಾಮ್ರ ಹಸಿರು ಪುಡಿಯಾಗಿ ಉದುರಿತು. ಎರಡೂ ಬದಿಯಲ್ಲಿ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತ ಹೋದೆ. ಒಟ್ಟು ಒಂದೂವರೆ ಅಡಿ ತಂತಿ ಹೋಯಿತು. ಅರ್ತ್ ತಂತಿಯ ತುದಿಯನ್ನು ಚಾಸಿಗೆ ಬಿಗಿದಿದ್ದ ಬೋಲ್ಟ್ ತುಕ್ಕಿನ ಮೇಲೆ ಕುಳಿತಿತ್ತು. ಅದನ್ನು ಅಲ್ಲಿ ಮತ್ತೆ ಬಿಗಿಯದೆ, ಬೇರೆಡೆ ಬಣ್ಣ ಕೆರೆದು ಬರಿಯ ಲೋಹ ಕಾಣಿಸಿ, ಹೊಸ ಬೋಲ್ಟಿನಿಂದ ಬಿಗಿದು ಮೇಲೆ ಗ್ರೀಸ್ ಹಚ್ಚಿದೆ. ಹೊಸ ತಂತಿಯನ್ನು ಕ್ರಿಂಪ್ ಮಾಡಿ, ಒಳಗೆ ಅಂಟಿರುವ, ಕಾಯಿಸಿದರೆ ಕುಗ್ಗುವ ಕೊಳವೆಯನ್ನು ಹಾಕಿದ್ದೇನೆ. ಈಗ ಹೀಟರ್ ಜೋಡಿಸಿರುವಾಗಲೇ 24.1 ವೋಲ್ಟ್, 3.1 ಆಂಪಿಯರ್. ಹದಿನೈದು ನಿಮಿಷದಲ್ಲಿ ಮುಚ್ಚಳ ಕೈಗೆ ಬೆಚ್ಚಗೆ ಹತ್ತಿತು.

ಇನ್ನೊಂದು ಪ್ರಶ್ನೆ: ಚಳಿಯಲ್ಲಿ ಇಷ್ಟು ಸಲ ಹೆಪ್ಪುಗಟ್ಟಿ ಬಿಟ್ಟಿರುವ ಪರ್ಜ್ ವಾಲ್ವನ್ನು ಹಾಗೆಯೇ ಬಿಡಬಹುದೇ, ಅಥವಾ ಬಿಚ್ಚಿ ನೋಡಬೇಕೇ?

ಉತ್ತರ (ವಿನಿಪೆಗ್‌ನಿಂದ)

ಬಿಚ್ಚಿ ನೋಡಿ. ಹೀಟರ್ ಕೆಲಸ ಮಾಡದೆ ಎಷ್ಟು ಚಳಿಗಾಲ ಕಳೆದಿದೆಯೋ ಯಾರಿಗೆ ಗೊತ್ತು. ವಾಲ್ವಿನ ರಬ್ಬರ್ ಮಂಜುಗಡ್ಡೆಯ ಮೇಲೆ ಬಡಿದು ಬಡಿದು ಗಾಯಗೊಂಡಿರುವ ಸಾಧ್ಯತೆ ಹೆಚ್ಚು. ನಿಮ್ಮ ಮೊದಲ ಟ್ಯಾಂಕಿನಲ್ಲಿ ಜಿಡ್ಡು ಕಂಡಿದ್ದರಿಂದ ಮುಚ್ಚಳದೊಳಗೂ ಆಯಿಲ್ ಮತ್ತು ನೀರಿನ ಕೆಸರು ಕುಳಿತಿರುತ್ತದೆ. ಆ ಕೆಸರು ಚಳಿಗೆ ಗಟ್ಟಿಯಾಗಿ ವಾಲ್ವನ್ನು ಅರ್ಧದಲ್ಲಿಯೇ ಹಿಡಿದಿಡಬಲ್ಲದು, ಹೀಟರ್ ಸರಿಯಿದ್ದರೂ.

ಆದರೆ ಕೆಲಸಕ್ಕೆ ಕೈ ಹಾಕುವ ಮೊದಲು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಅಡ್ಡಕಟ್ಟಿಗೆ ಕೊಡಿ. ಎಂಜಿನ್ ನಿಲ್ಲಿಸಿ ಎಲ್ಲ ಟ್ಯಾಂಕುಗಳ ಗಾಳಿಯನ್ನು ಪೂರ್ತಿ ಬಿಡಿ. ಗಾಳಿ ಹೋದಂತೆ ಸ್ಪ್ರಿಂಗ್ ಬ್ರೇಕುಗಳು ತಾವಾಗಿ ಹಿಡಿದುಕೊಳ್ಳುತ್ತವೆ, ಆದರೂ ಅಡ್ಡಕಟ್ಟಿಗೆಯನ್ನು ಬಿಡಬೇಡಿ. ಟ್ಯಾಂಕಿನ ಒತ್ತಡದ ಮೀಟರ್ ಸೊನ್ನೆ ತೋರಿಸಿತೆಂದು ಡ್ರೈಯರ್ ಖಾಲಿಯಾಗಿದೆ ಎಂದು ತಿಳಿಯಬಾರದು; ಅದರೊಳಗೆ ಮತ್ತು ಕಂಪ್ರೆಸರ್‌ನಿಂದ ಬರುವ ಪೈಪಿನಲ್ಲಿ ಗಾಳಿ ಉಳಿದಿರಬಹುದು. ಕಂಪ್ರೆಸರ್ ಕಡೆಯಿಂದ ಬರುವ ಪೈಪಿನ ಜೋಡಣೆಯನ್ನು ಮೆಲ್ಲಗೆ ಸಡಿಲಿಸಿ ಆ ಗಾಳಿಯನ್ನೂ ಬಿಡಿ. ಕಣ್ಣಿಗೆ ಕನ್ನಡಕ ಇರಲಿ, ಮುಖವನ್ನು ವಾಲ್ವಿನ ಬಾಯಿಯ ನೇರಕ್ಕೆ ಒಡ್ಡಬೇಡಿ. ಹೀಟರ್‌ನ ಪ್ಲಗ್ಗನ್ನು ಬಿಚ್ಚಿಡಿ.

ಪರ್ಜ್ ವಾಲ್ವ್ ಅಡಿಯಿಂದಲೇ ಬರುತ್ತದೆ, ಅದಕ್ಕಾಗಿ ಇಡೀ ಡ್ರೈಯರನ್ನು ಇಳಿಸಬೇಕಾಗಿಲ್ಲ. ಅದನ್ನು ಹಿಡಿದಿರುವ ಸ್ನ್ಯಾಪ್ ರಿಂಗನ್ನು ತೆಗೆದರೆ ವಾಲ್ವ್ ಇಳಿಯುತ್ತದೆ. ಕುಳಿತುಕೊಳ್ಳುವ ಜಾಗದ ಲೋಹದ ಅಂಚನ್ನು ಬಟ್ಟೆಯಿಂದ ಒರೆಸಿ ನೋಡಿ: ಗುಳಿಬಿದ್ದಿದ್ದರೆ ಹೊಸ ವಾಲ್ವ್ ಹಾಕಿದರೂ ಸೋರುತ್ತದೆ, ಆಗ ಮುಚ್ಚಳವನ್ನೇ ಬದಲಿಸಬೇಕು. ಅಂಚು ನುಣುಪಾಗಿದ್ದರೆ ಹೊಸ ರಬ್ಬರ್ ಮತ್ತು ಓ-ರಿಂಗ್‌ಗಳಿರುವ ಕಿಟ್ ಹಾಕಿ ಮುಗಿಸಿ. ಹಳೆಯ ಓ-ರಿಂಗ್ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿ. ಒಣಗಿಸುವ ಮಣಿಗಳ ಕಾರ್ಟ್ರಿಜ್ ಯಾವಾಗ ಬದಲಾಯಿತೆಂದು ನಿಮ್ಮಲ್ಲಿ ಲೆಕ್ಕವಿಲ್ಲದಿದ್ದರೆ ಅದನ್ನೂ ಈ ಸಲವೇ ಬದಲಿಸುವುದು ಒಳ್ಳೆಯದು. ಡ್ರೈಯರ್‌ನ ಮುಂದೆ ಮದ್ಯಸಾರ ಸೇರಿಸುವ ಹಳೆಯ ಉಪಕರಣವೇನಾದರೂ ಉಳಿದಿದ್ದರೆ ಅದನ್ನು ತೆಗೆಸಿ, ಅದು ಮಣಿಗಳಿಗೂ ರಬ್ಬರ್‌ಗೂ ಒಗ್ಗುವುದಿಲ್ಲ.

ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡಿ, ಒತ್ತಡ ಏರುತ್ತಿರುವಾಗ ವಾಲ್ವಿನ ಸುತ್ತ ಸಾಬೂನು ನೀರು ಹಚ್ಚಿ ನೋಡಿ. ಆಗಲೂ ಅಡಿಯಿಂದ ಗಾಳಿ ಬರುತ್ತಿದ್ದರೆ ಗವರ್ನರ್‌ನಿಂದ ಬರುವ ಸಣ್ಣ ಪೈಪನ್ನು ಬಿಚ್ಚಿ. ಒತ್ತಡ ಏರುವ ಹೊತ್ತಿನಲ್ಲಿ ಆ ಪೈಪಿನಲ್ಲಿ ಗಾಳಿ ಇರಬಾರದು. ಇದ್ದರೆ ತಪ್ಪು ಗವರ್ನರ್‌ನದು, ಅದು ವಾಲ್ವನ್ನು ತೆರೆದೇ ಇಟ್ಟಿದೆ.

ಪ್ರಶ್ನೆ ಕೇಳಿದವರಿಂದ

ನಿನ್ನೆ ಆ ಕೆಲಸವನ್ನೂ ಮುಗಿಸಿದೆ. ಮುಚ್ಚಳದೊಳಗೆ ಬೆಣ್ಣೆಯಂತಹ ಬೂದು ಕೆಸರು ಅರ್ಧ ಬಟ್ಟಲಿನಷ್ಟಿತ್ತು. ವಾಲ್ವಿನ ರಬ್ಬರ್ ಒಂದು ಕಡೆ ಹರಿದಿತ್ತು. ಲೋಹದ ಅಂಚು ಮಾತ್ರ ನುಣುಪಾಗಿತ್ತು, ಹೀಗಾಗಿ ಕಿಟ್ ಸಾಕಾಯಿತು. ಕಾರ್ಟ್ರಿಜ್ ಹೊಸದು ಹಾಕಿದೆ. ಕಂಪ್ರೆಸರ್ ಆಯಿಲ್ ಬಿಡುತ್ತಿರುವುದನ್ನು ಬೇಸಿಗೆಯಲ್ಲಿ ನೋಡಿಸಬೇಕಾಗಿದೆ, ಅಲ್ಲಿಯ ತನಕ ವಾರಕ್ಕೊಮ್ಮೆ ಟ್ಯಾಂಕುಗಳ ನೀರು ಬಿಟ್ಟು ಜಿಡ್ಡು ಎಷ್ಟೆಂದು ಬರೆದಿಡುತ್ತೇನೆ.

ಹುಬ್ಬಳ್ಳಿಯ ಹಿರಿಯರ ಮಾತಿನಂತೆ ಈಗ ಶೆಡ್ಡಿನಲ್ಲಿ ಚಲಿಸಲು ಬೇಕಾದಷ್ಟೇ ಗಾಳಿ ತುಂಬಿಸಿಕೊಂಡು, ಬಸ್ಸನ್ನು ಹೊರತಂದು ನಿಲ್ಲಿಸಿ, ಉಳಿದದ್ದನ್ನು ಹೊರಗಿನ ಒಣ ಗಾಳಿಯಿಂದಲೇ ತುಂಬಿಸುತ್ತೇನೆ. ಡ್ರೈವರ್ ಎದುರಿನ ಫಲಕದಲ್ಲಿ ಹೀಟರ್‌ನ ಸುತ್ತಿಗೆ ಸಣ್ಣದೊಂದು ಆಂಪಿಯರ್ ಮೀಟರ್ ಅಳವಡಿಸಿದ್ದೇನೆ. ಇಂದು ಬೆಳಿಗ್ಗೆ ಮೈನಸ್ 21 ಡಿಗ್ರಿ ಇತ್ತು. ಕೀ ತಿರುಗಿಸಿದೊಡನೆ ಮುಳ್ಳು 3ರ ಮೇಲೆ ನಿಂತಿತು. ಎಂಜಿನ್ ಚಾಲೂ ಆದ ಮೇಲೆ ಒತ್ತಡ ಎಲ್ಲಿಯೂ ತಡೆಯದೆ 120ಕ್ಕೆ ಏರಿತು, ಡ್ರೈಯರ್ ಒಮ್ಮೆ ಬುಸ್ಸೆಂದು ಸುಮ್ಮನಾಯಿತು. ತಾಯಿಯವರು ಒಳಗೆ ಕುಳಿತಿದ್ದರು. ನಾಳೆ ಡುಲುತ್‌ಗೆ ಹೊರಡುತ್ತಿದ್ದೇವೆ.